ಎದುರುಮನೆ ಭಾಬಿಗಾಗಿ ನಾನು ಸಾಹೇಬನಾದದ್ದು

ಪಕ್ಕದ ಮನೆಯವರು ಇವತ್ತು ಬೆಳಗ್ಗೆ ನೀರೊಲೆಗೆ ಹಸಿ ತೆಂಗಿನ ಮಟ್ಟೆ ತುರುಕಿದ್ದರು. ಆ ಹೊಗೆ ನಮ್ಮ ಜಗಲಿಗೆ ನುಗ್ಗಿದ್ದೇ ತಡ, ಎದುರುಮನೆ ಭಾಬಿ ನೆನಪಾದರು…

ಅವರು ಹುಟ್ಟಿದ್ದು ಕರಾಚಿಯಲ್ಲಿ. ಸೋದರತ್ತೆಯ ಮಗನನ್ನು ಮದುವೆಯಾಗಿ ಹೊಸದುರ್ಗಕ್ಕೆ ಬಂದಿದ್ದರು. ಗಂಡನದು ಕೊಬ್ಬರಿ ವ್ಯಾಪಾರ. ಮಟ್ಟೆ ಒಲೆ ಅವರಿಗೆ ಕೊನೆಗೂ ಒಗ್ಗಲಿಲ್ಲ. ಕೆಮ್ಮುತ್ತಾ ಹೊರಗೆ ಓಡಿ ಬಂದರೆ ನಾನು ಬಿಡುತ್ತೇನೆಯೇ?

"ಏನ್ ಭಾಬಿ, ತವರಿಗೆ ಹೊಗೇಲಿ ಸುದ್ದಿ ಕಳಿಸ್ತಿದೀರಾ?"

"ನಿಮ್ ಬಾಯಿ ಐತಲ್ಲಣ್ಣಾ, ಹೊಗೆ ಯಾಕೆ ಬೇಕು? ನೀವಿಲ್ಲಿ ಆಡಿದ್ದು ಅಲ್ಲಿಗೇ ಕೇಳಿಸ್ತೈತೆ."

ಹೊಸದುರ್ಗದಲ್ಲಿ ನನ್ನನ್ನು ಮಾತಿನಲ್ಲಿ ಸೋಲಿಸಿದವರು ಅವರೊಬ್ಬರೇ. ಬೇರೆ ಯಾರಾದರೂ ಸೋಲಿಸಿದೆನೆಂದರೆ ನಂಬಬೇಡಿ.

ಗಂಡ, ಮಕ್ಕಳು ಈ ದೇಶದ ಪ್ರಜೆಗಳು. ಅವರು ಮಾತ್ರ ವೀಸಾದ ಮೇಲೆ ಇದ್ದವರು. ಅದು ಮುಗಿಯುವ ಮೊದಲು ಮತ್ತೆ ಅರ್ಜಿ, ಮತ್ತೆ ಚಿತ್ರದುರ್ಗದ ಕಚೇರಿ. ಪೌರತ್ವ ಕೇಳಿ ಹಾಕಿದ್ದೂ ಎಲ್ಲೋ ಕುಳಿತಿತ್ತು. ಮಕ್ಕಳು ಓಟು ಹಾಕಿ ಬಂದು ಬೆರಳಿನ ಮಸಿ ತೋರಿಸಿದರೆ, ಆ ಬೆರಳು ಹಿಡಿದು ನೋಡಿ ಒಳಗೆ ಹೋಗುತ್ತಿದ್ದರು.

ಆಮೇಲೆ ಕರಾಚಿಯಲ್ಲಿ ಅವರ ತಾಯಿ ಹಾಸಿಗೆ ಹಿಡಿದರು. ಹೋಗಬಹುದಿತ್ತು. ಆದರೆ ವಾಪಸ್ ಬರಲು ಬಿಡುತ್ತೇವೆಂದು ಸರ್ಕಾರ ಮೊದಲೇ ಬರೆದುಕೊಡಬೇಕು. ಅದಿಲ್ಲದೆ ಗಡಿ ದಾಟಿದರೆ ಗಂಡ ಮಕ್ಕಳು ಈಚೆ, ಅವರು ಆಚೆ. ಆ ಒಪ್ಪಿಗೆಗಾಗಿ ಅಲೆದರು. ಎಷ್ಟೋ ಸಲ ಬಸ್ಸಿನಲ್ಲಿ ಜೊತೆಗೆ ನಾನೂ ಹೋಗಿದ್ದೇನೆ. ಕಚೇರಿಯಲ್ಲಿ ನನ್ನ ಬಾಯಿ ನಡೆಯಲಿಲ್ಲ. ಎಲ್ಲವೂ ಮೇಲಿಂದ ಬರಬೇಕು ಎನ್ನುವವರ ಹತ್ತಿರ ಏನು ತಮಾಷೆ ಮಾಡುವುದು…

ಒಂದು ಮಧ್ಯಾಹ್ನ ಭಾಬಿ ನಮ್ಮ ಬಾಗಿಲಿಗೆ ಬಂದು ನಿಂತರು.

"ಅಣ್ಣಾ, ತಮಾಷೆಗೆ ತಹಸೀಲ್ದಾರ್ರ ದನೀಲಿ ಫೋನ್ ಮಾಡಿ ಜನಾನ ಕಚೇರಿಗೆ ಓಡಿಸ್ತೀರಲ್ಲ, ನಮ್ಮಮ್ಮನ ಹತ್ರಾನೂ ಒಂದ್ಸಲ ಸಾಹೇಬ್ರಾಗ್ರಿ. ಕಾಗದಕ್ಕೆ ಸಹಿ ಆಗೈತೆ ಅನ್ರಿ. ನಾನು ಹೇಳಿದ್ರೆ ನಂಬಲ್ಲ. ಮಗಳು ಬರ್ತಾಳೆ ಅನ್ನೋ ಧೈರ್ಯ ಆದ್ರೂ ಇರ್ಲಿ."

"ತಹಸೀಲ್ದಾರ್ ಯಾಕೆ, ಡಿಸಿನೇ ಆಗ್ತೀನಿ," ಎಂದೆ.

ನನ್ನ ಮದುವೆಯ ಹಳೇ ಕೋಟು ಹಾಕಿಕೊಂಡೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದೆ. ನನ್ನ ಫೋನಿನಿಂದಲೇ ವಿಡಿಯೋ ಕರೆ ಹಚ್ಚಿದೆವು. ಭಾಬಿ ಅದರಲ್ಲಿ ಕಾಣದಂತೆ ನನ್ನೆದುರು ಕುಳಿತರು. ಬರುವಷ್ಟು ಹಿಂದಿಯಲ್ಲಿ, ಒಳ್ಳೇ ಗತ್ತಿನಿಂದ, ಕಾಗದಕ್ಕೆ ಸಹಿ ಆಗಿದೆ ಎಂದು ಹೇಳಿದೆ. ಅಂಥ ಪಾತ್ರ ನಾನು ಇನ್ನೆಂದೂ ಮಾಡಿಲ್ಲ.

ದಿಂಬಿನ ಮೇಲಿದ್ದ ಅವರ ತಾಯಿಯ ಮುಖ ಫೋನಿನ ಹತ್ತಿರಕ್ಕೆ ಬಂತು. ಮಗಳು ಹತ್ತಿರ ಇದ್ದಾಳೆಯೇ ಎಂದು ಕೇಳಿದರು. ಇಲ್ಲವೆಂದೆ.

"ಸಾಹೇಬ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಆ ಕಾಗದ ಕೊಡಬೇಡಿ. ಬಾ ಬಾ ಅಂತ ಕರೆಯೋಳು ನಾನೇ. ಏನು ಮಾಡಲಿ, ಜೀವ ಕೇಳಲ್ಲ. ಅವಳು ಬಂದ ಮೇಲೆ ಗಡಿ ಮುಚ್ಚಿಬಿಟ್ಟರೆ? ನಾನು ಮಗಳನ್ನ ನೋಡೋ ಹಾಗೆ ಅವಳ ಮಕ್ಕಳು ಅಮ್ಮನ್ನ ಫೋನಲ್ಲಿ ನೋಡಬೇಕಾ?"

ಭಾಬಿ ದುಪ್ಪಟ್ಟಾವನ್ನು ಬಾಯಿಗೆ ಒತ್ತಿಕೊಂಡಿದ್ದರು. ನಾನು ಅವರತ್ತ ನೋಡಿದೆ. ಹೂಂ ಅನ್ನಿ ಎಂದು ಅವರೇ ಸನ್ನೆ ಮಾಡಿದರು.

"ಕೊಡಲ್ಲಮ್ಮಾ," ಎಂದೆ.

ಆ ತಾಯಿ ನನ್ನನ್ನು ಹರಸಿದರು.

ಭಾಬಿ ಮತ್ತೆ ಒಪ್ಪಿಗೆ ಕೇಳಲು ಹೋಗಲಿಲ್ಲ. ಕೆಲವೇ ವಾರದಲ್ಲಿ ತಾಯಿ ತೀರಿಕೊಂಡರು. ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡುತ್ತಿದ್ದಾಗ ನೆಟ್‌ವರ್ಕ್ ಹೋಯಿತು. ಮಗ ಮತ್ತೆ ಹಚ್ಚಲು ಹೋದರೆ, "ಬಿಡಪ್ಪಾ, ಸಾಕು," ಎಂದರು. ಅಲ್ಲಿಂದಾಚೆಗೆ ನನ್ನ ಕೀಟಲೆಗೆ ಅವರಿಂದ ಎದುರು ಮಾತು ಬರಲಿಲ್ಲ…

ಅವರೂ ಹೋಗಿ ವರ್ಷಗಳಾದವು. ಎದೆನೋವು ಬಂದು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಗಂಡ ಮಗಳ ಊರು ಸೇರಿದರು.

ಮೊನ್ನೆ ಹೊಸ ಪೇದೆಯೊಬ್ಬ ಆ ಮನೆಯ ಬೀಗ ಕಂಡು ನಮ್ಮ ಜಗಲಿಗೆ ಬಂದ.

"ಯಜಮಾನ್ರೇ, ಇಲ್ಲಿದ್ದ ಪಾಕಿಸ್ತಾನದ ಹೆಣ್ಮಗಳು ಪೌರತ್ವಕ್ಕೆ ಅರ್ಜಿ ಹಾಕಿದ್ರಂತೆ, ಈಗ ವಿಚಾರಣೆಗೆ ಬಂದೈತೆ. ಊರಲ್ಲಿ ಅದಾರಾ, ವಾಪಸ್ ಹೋದ್ರಾ?"

"ಎಲ್ಲಿಗೂ ಹೋಗಿಲ್ಲಪ್ಪ. ಇಲ್ಲೇ ಮಣ್ಣಾದ್ರು."

ಅವನು ಟೋಪಿ ತೆಗೆದು ನಿಂತ. ಕುಂತ್ಕಳಪ್ಪ, ಟೀ ಕುಡಿದು ಹೋಗು ಎಂದೆ. ಪೊಲೀಸರು ಸಿಕ್ಕರೆ ರೇಗಿಸದೆ ಬಿಡುವವನಲ್ಲ ನಾನು. ಅವತ್ತು ಅವನು ಟೀ ಕುಡಿದು ಏಳುವ ತನಕ ನನಗೆ ಒಂದು ಕೀಟಲೆಯೂ ಹೊಳೆಯಲಿಲ್ಲ.