ನೆರಿಗೆ ಹಿಂದಿದ್ದ ಗೌನು

ನಾನು ಚಿಕ್ಕವಳಿದ್ದಾಗಲೂ ಈಗಿನ ಹಾಗೆಯೇ ಎಲ್ಲದಕ್ಕೂ ಹೆದರುತ್ತಿದ್ದೆ. ಸಿಟ್ಟು ಬಂದರೆ ಹೆದರಿಕೆ ಮರೆತುಹೋಗುತ್ತದೆ ಎಂದು ಗೊತ್ತಾದದ್ದು ಅಕ್ಕನ ನಾಟಕದ ದಿನ.

ಶಾಲೆಯ ನಾಟಕದಲ್ಲಿ ಅಕ್ಕ ಹಳೇ ಕಾಲದ ಎಸ್ಟೇಟಿನ ದೊರೆಸಾನಿ. ನಾನು ಅವಳ ಗೌನಿನ ಅಂಚು ಹಿಡಿದು ಹಿಂದೆ ನಡೆಯುವ ಆಯಾ. ಗೌನನ್ನು ಅಕ್ಕನೇ ಹೊಲಿದಿದ್ದಳು. ಬಿಸಿಲಿಗೆ ಬಿಳಚಿದ ಕೆಂಪು ಹೂವಿನ ಕರ್ಟನ್ನು ಲಂಗವಾಯಿತು, ಹರಿದ ಸೊಳ್ಳೆಪರದೆ ಕತ್ತಿನ ಲೇಸಾಯಿತು. ಕೈಮೆಷಿನ್ನಿನ ಎಣ್ಣೆಯ ಜೊತೆ ಕರ್ಟನ್ನಿನ ನುಸಿಗುಳಿಗೆಯ ವಾಸನೆ ಸೇರಿ ನನಗೆ ಸೀನೋ ಸೀನು. ಪುಸ್ತಕದಲ್ಲಿದ್ದ ಇಂಗ್ಲೆಂಡಿನ ರಾಣಿಯ ಚಿತ್ರ ನೋಡಿ ಅಕ್ಕ ನೆರಿಗೆಯನ್ನೆಲ್ಲ ಸೊಂಟದ ಹಿಂದೆ ಗುಡ್ಡೆ ಹಾಕಿ, ಒಳಗೆ ದಿಂಬಿನ ಹತ್ತಿ ತುಂಬಿ ಉಬ್ಬಿಸಿದ್ದಳು. ಆ ಅಂಚಿಗೆ ಎಡವಿ ಎಲ್ಲರ ಮುಂದೆ ಬಿದ್ದರೆ ಏನು ಗತಿ ಎಂಬ ಚಿಂತೆ ನನಗೆ.

ಅಪ್ಪನಿಗೆ ಕಂಡದ್ದು ನೆರಿಗೆ ಮಾತ್ರ. ನಮ್ಮದು ಹಾಸನದ ಕಡೆಯಿಂದ ಬಂದು ಕೊಡಗಿನ ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತ ಮನೆ. ಕೊಡವರ ಹೆಂಗಸರು ಸೀರೆಯ ನೆರಿಗೆಯನ್ನು ಹಿಂದೆ ಹಾಕುತ್ತಾರೆ, ನಮ್ಮವರು ಮುಂದೆ. ಊರು ಬಿಟ್ಟು ಬಂದೆವೆಂದು ಉಡುವ ರೀತಿಯನ್ನೂ ಬಿಡಬಾರದು ಎಂಬುದು ಅಪ್ಪನ ಹಟ.

"ಅಪ್ಪ, ಇದು ಕೊಡವರದ್ದಲ್ಲ, ದೊರೆಸಾನೀದು," ಅಂದಳು ಅಕ್ಕ.

"ಯಾರದ್ದಾದ್ರೇನು, ನಮ್ಮದಲ್ವಲ್ಲ."

ನಾಟಕದ ದಿನ ಮಧ್ಯಾಹ್ನ ನಾವು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಪ್ಪ ಬ್ಲೇಡಿನಿಂದ ಹಿಂದಿನ ಹೊಲಿಗೆಯನ್ನೆಲ್ಲ ಬಿಚ್ಚಿಹಾಕಿದ್ದರು. ನೆಲದ ತುಂಬ ಹತ್ತಿ. ಅಕ್ಕ ಅಳಲಿಲ್ಲ. ಹತ್ತಿಯನ್ನು ಬಾಚಿ ಕರ್ಟನ್ನಿನಲ್ಲಿ ಸುತ್ತಿಕೊಂಡು ಬೇಲಿ ದಾಟಿ ಪಕ್ಕದ ಮನೆಯ ಕೊಡವರ ಆಂಟಿಯ ಮುಂದೆ ನಿಂತಳು. ಸಿಟ್ಟಿನಿಂದ ನನ್ನ ಕಿವಿ ಕಾದಿತ್ತು. ಅವಳ ಹಿಂದೆ ಹೋಗುವಾಗ ಅಪ್ಪನ ಚಪ್ಪಲಿಯನ್ನು ಒದ್ದೆ. ಅದೂ ಸದ್ದಾಗದ ಹಾಗೆ, ಮೆಲ್ಲಗೆ.

ಆಂಟಿ ಬಿಚ್ಚಿದ ಹೊಲಿಗೆ ನೋಡಿ ಪಿನ್ನಿನ ಡಬ್ಬಿ ತಂದರು. ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಅಂದರು, "ಆ ಕಡೆ ತಿರುಗು, ಕುಂಞಿ. ನೆರಿಗೆ ಹಿಂದೆ ಹಾಕೋಕೆ ನಂಗೆ ಮೆಷಿನ್ನು ಬೇಡ." ಮಗುವಿಗೆ ಅವರ ಭಾಷೆಯಲ್ಲಿ ಕುಂಞಿ ಎನ್ನುತ್ತಾರೆ. ಅವರ ಬೆರಳು ಬಟ್ಟೆಯನ್ನು ಮಡಚುತ್ತಾ ಹೋದಂತೆ ದೊರೆಸಾನಿ ಮತ್ತೆ ಎದ್ದು ನಿಂತಳು, ಮೊದಲಿಗಿಂತ ಜೋರಾಗಿಯೇ.

ಸ್ಟೇಜಿನ ಮೇಲೆ ಅಕ್ಕ ತಲೆಯೆತ್ತಿ ನಡೆದಳು. ನಾನು ಪಿನ್ನುಗಳ ಮೇಲೆ ಕಣ್ಣು ನೆಟ್ಟು ಹಿಂದೆ ನಡೆದೆ. ಒಂದೂ ಕಳಚಲಿಲ್ಲ, ನಾನೂ ಬೀಳಲಿಲ್ಲ. ಅಪ್ಪ ಬಾಗಿಲ ಹತ್ತಿರ ನಿಂತು ಕೊನೆಯವರೆಗೂ ನೋಡಿದರು. ಮನೆಗೆ ಬರುವಾಗ ದಾರಿಯುದ್ದಕ್ಕೂ ಗದ್ದೆಗೆ ನೀರು ಬಿಡುವ ಮಾತೇ ಆಡಿದರು.

ಮೊಮ್ಮಕ್ಕಳೇ, ನಿಮಗೆ ಈಗ ಗೌನು ಪ್ಯಾಕೆಟ್ಟಿನಲ್ಲಿ ಮನೆ ಬಾಗಿಲಿಗೇ ಬರುತ್ತದೆ. ಅದು ಒಂದು ದಿನ ತಡವಾದರೂ ನಿಮ್ಮಪ್ಪ "ಸಾರಿ ಪುಟ್ಟಾ" ಎನ್ನುತ್ತಾನೆ. ನೀವು ಫೋನಿನಿಂದ ತಲೆ ಎತ್ತುವುದೂ ಇಲ್ಲ. ನಮ್ಮ ಕಾಲದ ಅಪ್ಪಂದಿರ ಬಾಯಲ್ಲಿ ಆ ಮಾತೇ ಇರಲಿಲ್ಲ. ಅಕ್ಕ ಅದನ್ನೆಲ್ಲ ಎಂದೋ ಮರೆತಳಂತೆ. ಅಪ್ಪ ತೀರಿಕೊಂಡೂ ಎಷ್ಟೋ ವರ್ಷವಾಯಿತು. ನಾನು ಮಾತ್ರ ಆ ಒಂದು ಮಾತಿಗೆ ಇನ್ನೂ ಕಾಯುತ್ತಿದ್ದೇನೆ.