ಇಬ್ಬರು ಸೇರಿ ತುಂಬಿದ ಈಡು

ನಮ್ಮ ಮನೆಮಾತು ಉರ್ದು. ಆದರೆ ಕೋವಿಯ ವಿಷಯ ಬಂತೆಂದರೆ ನನ್ನ ಯಜಮಾನರು ತಮಗೇ ಗೊತ್ತಿಲ್ಲದಂತೆ ಕನ್ನಡಕ್ಕೆ ಹೊರಳುತ್ತಿದ್ದರು. ಸಕಲೇಶಪುರದಲ್ಲಿ ಚಿಕ್ಕವರಿದ್ದಾಗ ಪಕ್ಕದ ಮನೆಯ ಗೌಡರು ಕೇಪಿನ ಕೋವಿಗೆ ಈಡು ತುಂಬುವುದನ್ನು ನೋಡಿ ಕಲಿತವರು ಅವರು. ಮದ್ದು, ಗಜ, ನಳಿಗೆ, ಈಡು ಎಂಬ ಮಾತುಗಳು ಅವರಿಗೆ ಬೇರೆ ಭಾಷೆಯಲ್ಲಿ ಬರುತ್ತಲೇ ಇರಲಿಲ್ಲ. ನಾನು ಅರಸೀಕೆರೆಯ ಕನ್ನಡ ಶಾಲೆಯಲ್ಲಿ ಓದಿದವಳು, ನನಗೇನೂ ತೊಂದರೆಯಿರಲಿಲ್ಲ.

ಅಮೆರಿಕದ ಮಿಶಿಗನ್ನಿನ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ನಮ್ಮ ಮನೆ. ಅವರು ಕಾರಿನ ಬಿಡಿಭಾಗಗಳ ಇಂಜಿನಿಯರ್. ತೊಂಬತ್ತರ ದಶಕದ ಕೊನೆಯಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯರು ಉತ್ತರದ ತಮ್ಮ ಜೋಳದ ಹೊಲಕ್ಕೆ ಜಿಂಕೆ ಬೇಟೆಗೆ ಕರೆದುಕೊಂಡು ಹೋದರು. ಅಲ್ಲಿಂದ ಶುರುವಾಯಿತು. ಇವರು ಕೊಂಡಿದ್ದು ಹೊಸ ಕಾಲದ ರೈಫಲ್ಲೇ, ಆದರೆ ಊರಿನ ಕೋವಿಯ ಹಾಗೆ ನಳಿಗೆಯ ಬಾಯಿಂದಲೇ ಮದ್ದು ಗುಂಡು ತುಂಬಬೇಕು. ಇಂಥ ಕೋವಿಗಳಿಗೆಂದೇ ಅಲ್ಲಿ ಡಿಸೆಂಬರಿನಲ್ಲಿ ಬೇಟೆಗೆ ಕೆಲವು ದಿನ ಬಿಟ್ಟಿರುತ್ತಾರೆ. ನವೆಂಬರಿನ ಮುಖ್ಯ ಬೇಟೆಯ ಗದ್ದಲ ಮುಗಿದ ಮೇಲಿನ ಆ ನಿಶ್ಶಬ್ದ ಅವರಿಗೆ ಇಷ್ಟ. ಕೋವಿಯ ಕುದುರೆ ಎಳೆಯುವಾಗ ಬಿಸ್ಮಿಲ್ಲಾ ಹೇಳಿ ಹೊಡೆದ ಬೇಟೆಯ ಮಾಂಸ ನಮಗೆ ಹಲಾಲ್. ಮನೆಗೆ ತಂದರೆ ನಾನು ಕೈಮಾ ಉಂಡೆ ಮಾಡುತ್ತಿದ್ದೆ. ಕೋವಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ, ಗರಾಜಿನಲ್ಲಿ ಅದು ಇದ್ದ ಮೂಲೆಗೂ ಹೋಗುತ್ತಿರಲಿಲ್ಲ.

ಆಮೇಲೆ ಅವರ ಬಲಗೈ ನಡುಗತೊಡಗಿತು. ಟೀ ಕೊಟ್ಟರೆ ಸಾಸರಿನ ಮೇಲೆ ಕಪ್ಪು ಸದ್ದು ಮಾಡುತ್ತಿತ್ತು. ಡಾಕ್ಟರು ಪಾರ್ಕಿನ್ಸನ್ ಎಂದರು. ಇವರು ತಲೆಯಾಡಿಸಿ ಎದ್ದು ಬಂದರು.

ಆ ಡಿಸೆಂಬರಿನಲ್ಲಿ ಬೇಟೆಗೆಂದು ಹೋದವರು ಮಧ್ಯಾಹ್ನಕ್ಕೆ ಮೊದಲೇ ವಾಪಸ್ ಬಂದರು. ಬೂಟು ಕೂಡ ಬಿಚ್ಚದೆ ಗರಾಜಿನಲ್ಲಿ ನಿಂತೇ ಇದ್ದರು. ನಾನು ಕೇಳಿದ ಮೇಲೆ ಒಂದೊಂದಾಗಿ ಹೇಳಿದರು. ಗಾಳಿಯಲ್ಲಿ ಮದ್ದು ಸುರಿಯುವಾಗ ಅರ್ಧ ಹಿಮದ ಮೇಲೆ ಚೆಲ್ಲಿತಂತೆ. ಮತ್ತೆ ಸುರಿದರಂತೆ. ನಳಿಗೆಯೊಳಗೆ ಎಷ್ಟು ಹೋಯಿತೆಂದು ಗೊತ್ತಾಗಲಿಲ್ಲ. ಗುಂಡು ನಳಿಗೆಯ ಬಾಯಲ್ಲೇ ಸಿಕ್ಕಿಕೊಂಡಿತು, ಅದನ್ನು ಒಳಕ್ಕೆ ತಳ್ಳುವ ಕೋಲು, ಗಜ, ಒತ್ತಲು ಕೈಗೆ ಬಲ ಬರಲಿಲ್ಲ. ಕೊನೆಗೆ ಆ ಹಿರಿಯರೇ ಎಲ್ಲ ತೆಗೆದು ಖಾಲಿ ಮಾಡಿ ಕಳಿಸಿದರಂತೆ.

"ಇನ್ನು ಸಾಕು ಅನ್ಸತ್ತೆ" ಎಂದರು.

ನಾನು ಬಗ್ಗಿ ಅವರ ಬೂಟಿನ ದಾರ ಬಿಚ್ಚಿದೆ. ಆ ವರ್ಷ ಅವರು ಅನೇಕ ವಿಷಯಗಳಿಗೆ ಸಾಕು ಅಂದಿದ್ದರು. ಸ್ನೇಹಿತರ ಮನೆಯ ಕೇರಂ ಸಾಕು, ಬ್ಲೇಡಿನಲ್ಲಿ ಗಡ್ಡ ಹೆರೆಯುವುದು ಸಾಕು, ಹೈವೇಯಲ್ಲಿ ಡ್ರೈವ್ ಮಾಡುವುದು ಸಾಕು. ಇನ್ನೊಂದು ಸಾಕು ಕೇಳಲು ನನಗೆ ಮನಸ್ಸಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನಾನೇ ಅವರನ್ನು ಬೇಟೆ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋದೆ. ಕೌಂಟರಿನಲ್ಲಿದ್ದ ಹೆಂಗಸು ಪುಡಿಮದ್ದಿನ ಬದಲು ಒತ್ತಿ ಮಾಡಿದ ಮದ್ದಿನ ಬಿಲ್ಲೆಗಳನ್ನು ತೋರಿಸಿದಳು. ಅಳೆಯುವ ಕೆಲಸವಿಲ್ಲ, ಚೆಲ್ಲುವ ಭಯವಿಲ್ಲ. ಅವರು ಹೊತ್ತು ಹೊತ್ತಿಗೆ ನುಂಗುತ್ತಿದ್ದ ಮಾತ್ರೆಗಿಂತ ತುಸು ದಪ್ಪ. ಕೋವಿಗೆ ಈಡು ಯಾರು ತುಂಬುವುದು ಎಂದು ಆಕೆ ಕೇಳಿದಳು. ನಾನು ಇಬ್ಬರೂ ಅಂದುಬಿಟ್ಟೆ. ಅಂದ ಮೇಲೆ ನನಗೇ ಆಶ್ಚರ್ಯವಾಯಿತು. ಇವರು ನನ್ನ ಮುಖ ನೋಡಿದರು.

ಶನಿವಾರಗಳಂದು ಗುರಿ ಹೊಡೆಯುವ ಮೈದಾನಕ್ಕೆ ಹೋಗತೊಡಗಿದೆವು. ಒಂದು ತುದಿಯಲ್ಲಿ ಬಿಲ್ಲೆ, ಇನ್ನೊಂದು ತುದಿಯಲ್ಲಿ ಗುಂಡು ಇಟ್ಟುಕೊಳ್ಳುವ ಪ್ಲಾಸ್ಟಿಕ್ ಕೊಳವೆ ತಂದೆವು. ಅದರ ಮುಚ್ಚಳ ಕೈಗವಸಿನಲ್ಲಿ ಬಿಚ್ಚಲಾಗುತ್ತಿರಲಿಲ್ಲ, ನಾನು ದುಪಟ್ಟಾದ ಚೂರೊಂದನ್ನು ಕಟ್ಟಿ ಎಳೆಯುವ ಹಾಗೆ ಮಾಡಿದೆ. ಗಜದ ತುದಿಗೆ ಮರದ ಗುಂಡನೆಯ ಹಿಡಿ ಹಾಕಿಸಿದೆವು, ಬೆರಳಿನ ಬದಲು ಅಂಗೈಯಲ್ಲಿ ಒತ್ತಬಹುದು. ಅಷ್ಟಾದರೂ ಒಂದು ಬಗೆಯ ಗುಂಡು ತೀರಾ ಬಿಗಿಯಾಗಿತ್ತು, ಅದನ್ನು ಬಿಟ್ಟು ಸಲೀಸಾಗಿ ಇಳಿಯುವ ಇನ್ನೊಂದನ್ನು ಹಿಡಿದೆವು. ಗುಂಡು ಮದ್ದಿಗೆ ತಾಗಿ ಕೂತರೆ ಗಜ ಎಷ್ಟು ಹೊರಗಿರಬೇಕು ಎಂಬುದಕ್ಕೆ ಮಗಳ ನೇಲ್ ಪಾಲಿಶಿನಿಂದ ಕೆಂಪು ಗೆರೆ ಎಳೆದೆ. ಹೈಸ್ಕೂಲಿನಲ್ಲಿದ್ದ ಮಗಳು ಸೀಸೆ ಕಿತ್ತುಕೊಂಡು "ಮಾಮ್, ಯು ಆರ್ ನಾಟ್ ಸೀರಿಯಸ್" ಎಂದಳು.

ನಳಿಗೆಯ ಬಾಯಿಗೆ ಎಂದೂ ಮುಖ ತರಕೂಡದು, ಮದ್ದಿಗೆ ಕಿಡಿ ತಾಗಿಸುವ ಹಿಂಬದಿಯ ಕೇಪು ಎಲ್ಲಕ್ಕಿಂತ ಕೊನೆಗೆ. ಈ ಎರಡು ಮಾತನ್ನು ಅವರು ನನಗೆ ಎಷ್ಟು ಸಲ ಹೇಳಿದರೋ. ಬಹಳ ದಿನದ ಮೇಲೆ ಅವರು ಯಾರಿಗೋ ಏನನ್ನೋ ಕಲಿಸುತ್ತಿದ್ದರು, ದನಿಯಲ್ಲಿ ಅದು ಗೊತ್ತಾಗುತ್ತಿತ್ತು.

ಡಿಸೆಂಬರ್ ಬಂತು. ಲೈಸೆನ್ಸ್ ಇಲ್ಲದ ನಾನು ಹೊಡೆಯುವಂತಿಲ್ಲ, ಜೊತೆಗೆ ಕೂರಬಹುದು ಎಂದು ಕೇಳಿ ತಿಳಿದುಕೊಂಡಿದ್ದೆವು. ಕೋಟಿನ ಮೇಲೆ ಕಿತ್ತಳೆ ಬಣ್ಣದ ವೆಸ್ಟು, ತಲೆಗೆ ಸ್ಕಾರ್ಫು, ಅದರ ಮೇಲೆ ಕಿತ್ತಳೆ ಟೋಪಿ. ಹೊಲದ ಅಂಚಿನಲ್ಲಿ ನಿಂತು ನಾನು ಬಿಲ್ಲೆ ಇಳಿಬಿಟ್ಟೆ, ಅವರು ಗುಂಡು ಇಟ್ಟರು. ಗಜದ ಹಿಡಿಯ ಮೇಲೆ ಅವರ ಅಂಗೈ, ಅದರ ಮೇಲೆ ನನ್ನದು. ಒಟ್ಟಿಗೆ ಒತ್ತಿದೆವು.

"ಗೆರೆ ಬಂತಾ?"

"ಬಂತು."

ಕೇಪನ್ನು ಮಾತ್ರ ಪುಟ್ಟ ಹಿಡಿಕೆಯಿಂದ ತಾವೇ ನಿಧಾನವಾಗಿ ಕೂರಿಸಿದರು. ನಾನು ಬೇರೆ ಕಡೆ ನೋಡುತ್ತಾ ನಿಂತೆ.

ಅಲ್ಲೇ ಕೂತು ಕಾದೆವು, ಕೊಯ್ದ ಜೋಳದ ಕೂಳೆಗಳ ನಡುವೆ ಹಿಮ. ಅವರ ಬಲಗೈ ತೊಡೆಯ ಮೇಲೆ ನಡುಗುತ್ತಿತ್ತು, ನಾನು ನನ್ನ ಕೈ ಅದರ ಮೇಲಿಟ್ಟೆ. ಬಿಸಿಲೇರಿದ ಮೇಲೆ ಒಂದು ಹೆಣ್ಣು ಜಿಂಕೆ ಬಂತು. ಸುಮ್ಮನಿದ್ದಾಗ ನಡುಗುವ ಆ ಕೈ ಕೆಲಸಕ್ಕೆ ಇಳಿದರೆ ಕೊಂಚ ಸ್ಥಿರವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು, ನಾನು ನಂಬಿರಲಿಲ್ಲ. ಕೋಲಿನ ಆಸರೆಗೆ ಕೋವಿ ಇಟ್ಟರು. ಬಿಸ್ಮಿಲ್ಲಾ ಎಂದದ್ದು ಕೇಳಿಸಿತು. ಆಮೇಲೆ ಬಿಳಿ ಹೊಗೆ ಬಿಟ್ಟರೆ ಏನೂ ಕಾಣಲಿಲ್ಲ.

ಹೊಗೆ ಸರಿದಾಗ ಜಿಂಕೆ ಸ್ವಲ್ಪ ದೂರ ಓಡಿ ಹಳ್ಳದ ಪಕ್ಕ ಬಿದ್ದಿತ್ತು. ಹತ್ತಿರ ಹೋಗಿ ಅವರೇ ಚೂರಿಯಿಂದ ಮಾಡಬೇಕಾದ್ದನ್ನು ಮಾಡಿದರು. ನಾನು ಅದರ ತಲೆ ಹಿಡಿದಿದ್ದೆ, ಇನ್ನೂ ಬೆಚ್ಚಗಿತ್ತು. ಅವರು ಹಿಮದ ಮೇಲೆಯೇ ಕೂತುಬಿಟ್ಟರು. ಅಳುತ್ತಿದ್ದರೋ, ಚಳಿಗೆ ಕಣ್ಣಲ್ಲಿ ನೀರು ಬಂದಿತ್ತೋ.

"ಹೊಡೆದಿದ್ದು ನೀವೇ," ನಾನೆಂದೆ, "ನಾನು ಬರೀ ಬಿಲ್ಲೆ ಹಾಕಿದೆ."

"ಈಡು ಇಬ್ರುದು," ಎಂದರು.

ಅದಾದ ಮೇಲೆ ಇನ್ನೂ ಕೆಲವು ಡಿಸೆಂಬರ್‌ಗಳಲ್ಲಿ ಹೋದೆವು. ಎಷ್ಟೋ ಸಲ ಬರಿಗೈಯಲ್ಲಿ ಬಂದೆವು. ಆಮೇಲೆ ಕಾಲೂ ಬಿಗಿಯತೊಡಗಿ ಹಿಮದಲ್ಲಿ ನಡೆಯಲಾಗಲಿಲ್ಲ. ಈ ಸಲ ಅವರು ಸಾಕು ಅನ್ನಲಿಲ್ಲ. ಕೋವಿಯನ್ನು ಚೆನ್ನಾಗಿ ಒರೆಸಿ ಎಣ್ಣೆ ಹಚ್ಚಿಸಿ, ಆ ಹಿರಿಯರಿಗೆ ಒಪ್ಪಿಸಿ ಬಂದರು. ಈಗಲೂ ಆ ಹಿರಿಯರ ಕಣಜದ ಪಕ್ಕ ಕಾರು ನಿಲ್ಲಿಸಿ ಫ್ಲಾಸ್ಕಿನ ಟೀ ಕುಡಿಯುತ್ತಾ ಹೊಲ ನೋಡಿ ಬರುತ್ತೇವೆ. ಹೀಟರ್ ಸದ್ದಿಗೆ ಜಿಂಕೆ ಬರುವುದಿಲ್ಲವೆಂದು ಇವರು ಆರಿಸುತ್ತಾರೆ, ಚಳಿಯೆಂದು ನಾನು ಹಾಕುತ್ತೇನೆ. ಜಿಂಕೆ ಯಾವಾಗಲೂ ಮೊದಲು ಕಾಣುವುದು ಇವರಿಗೇ.