ಮೊದಲ ಹೆಸರು ರೂಪಶ್ರೀದೇ

ಚನ್ನಗಿರಿಯ ಮಂಡಿಯಲ್ಲಿ ಮಲ್ಲಿಕಾರ್ಜುನಪ್ಪನ ಅಡಿಕೆಯೆಂದರೆ ಬಣ್ಣಕ್ಕೆ ಹೆಸರು. ಆ ಬಣ್ಣ ತರುವವಳು ಅವನ ಹೆಂಡತಿ ಸರ್ವಮಂಗಳಮ್ಮ. ಉಬ್ರಾಣಿಯ ಮನೆಯ ಹಿತ್ತಲಿನಲ್ಲಿ ಹಂಡೆಯ ಮುಂದೆ ನಿಂತು, ಅಡಿಕೆ ಬೇಯಿಸಿದ ಕೆಂಪು ನೀರನ್ನು, ಬಣ್ಣ ಕೊಡುವ ಆ ಚೊಗರನ್ನು, ಎಷ್ಟು ಗಟ್ಟಿಯಾಗಿಸಬೇಕೆಂದು ನೋಡುವುದು ಅವಳ ಕಣ್ಣು. ಚೀಲದ ಮೇಲೆ ಬರೆಯುವುದು ಗಂಡನ ಹೆಸರು. ಅದು ಅವಳಿಗೆ ಎಂದೂ ವಿಚಿತ್ರವೆನಿಸಿರಲಿಲ್ಲ.

ಮಗಳು ರೂಪಶ್ರೀ ಬಾಣಂತನಕ್ಕೆ ಬಂದಾಗ ಅನಿಸಿತು.

ರೂಪಶ್ರೀ ಜೀವಭೌತಶಾಸ್ತ್ರದ ಸಂಶೋಧಕಿ. ಕೂದಲಿಗಿಂತ ಸಣ್ಣ ರಕ್ತನಾಳದಲ್ಲಿ ಕೆಂಪು ರಕ್ತಕಣ ಹೇಗೆ ಮೈ ಮಡಚಿಕೊಂಡು ನುಸುಳುತ್ತದೆ ಎಂಬುದು ಅವಳ ಕೆಲಸ. ಅದರ ಬಗ್ಗೆ ಬರೆದ ಲೇಖನವನ್ನು ಸಂಶೋಧನಾ ಪತ್ರಿಕೆಯವರು ಪ್ರಶ್ನೆಗಳ ಸಮೇತ ವಾಪಸ್ ಕಳಿಸಿದ್ದರು. ಉತ್ತರ ಕೊಡಲು ತಿಂಗಳ ಗಡುವು. ಗೈಡ್ ಫೋನ್ ಮಾಡಿ ಬಲು ಮೆತ್ತಗೆ ಹೇಳಿದರು: "ನೀವು ರೆಸ್ಟ್ ತಗೊಳ್ಳಿ. ಉತ್ತರ ನಮ್ಮ ಲ್ಯಾಬಿನ ರುದ್ರಮುನಿ ಬರೀತಾನೆ. ಆಗ ಮೊದಲ ಹೆಸರು ಅವನದಾಗುತ್ತೆ, ಅಷ್ಟೇ."

"ಮೊದಲ ಹೆಸರಂದ್ರೆ ಏನೇ?" ತಾಯಿ ಕೇಳಿದಳು.

"ಕೆಲಸ ಯಾರದು ಅಂತ ಅಮ್ಮ. ನಾಳೆ ನೌಕರಿ ಕೇಳಾಕೆ ಹೋದ್ರೆ ನೋಡೋದು ಅದನ್ನೇ. ಬೇರೆಯವರು ಬರೆಯುವಾಗ ನೆನೆಯೋದೂ ಆ ಹೆಸರನ್ನೇ."

"ಪ್ರಯೋಗ ಯಾರು ಮಾಡಿದ್ದು?"

"ನಾನೇ. ಮೂರು ವರ್ಷ."

ಸರ್ವಮಂಗಳಮ್ಮ ಹಿತ್ತಲ ಹಂಡೆಯ ಕಡೆ ನೋಡಿದಳು. ಆಮೇಲೆ ಎದ್ದು, ಬಾಣಂತಿಗೆ ಕಟ್ಟಬೇಕಿದ್ದ ಕಿವಿಬಟ್ಟೆಯ ಜೊತೆಗೆ ಲ್ಯಾಪ್‌ಟಾಪನ್ನೂ ತಂದು ಮಂಚದ ಮೇಲಿಟ್ಟಳು.

ಬಾಣಂತಿ ಓದಬಾರದು, ಕಣ್ಣಿಗೆ ನಂಜು ಎನ್ನುವ ಒಂದು ಕಟ್ಟಳೆಯನ್ನು ಮುರಿಯಲು ಅವಳು ಉಳಿದ ಕಟ್ಟಳೆಗಳನ್ನೆಲ್ಲ ಎರಡು ಪಟ್ಟು ಬಿಗಿ ಮಾಡಿದಳು. ಗಾಳಿ ತಾಗುತ್ತದೆ, ಬಾಗಿಲು ತೆಗೆಯಬಾರದು. ದೃಷ್ಟಿಯಾಗುತ್ತದೆ, ನೋಡಲು ಬರಬಾರದು. ಅಳಿಯ ಬಂದರೂ ಜಗಲಿಯಲ್ಲೇ ಕಾಫಿ. ಎಣ್ಣೆನೀರು, ಮೆಣಸಿನಸಾರು, ಮಗುವಿನ ಬಟ್ಟೆ, ಮನೆಗೆಲಸ ಎಲ್ಲವೂ ಅವಳ ತಲೆಯ ಮೇಲೆ. ಮಗು ಹಾಲಿಗೆ ಅತ್ತರೆ ಮಾತ್ರ ಅದನ್ನು ಒಳಗೆ ಒಯ್ಯುತ್ತಿದ್ದಳು. "ಸರ್ವಕ್ಕನ ಮಡಿ ಅಂದ್ರೆ ಮಡಿ," ಎಂದು ಕೇರಿಯವರು ಮೆಚ್ಚಿಕೊಂಡರು.

ಗಡುವಿಗೆ ಮೂರು ದಿನವಿದ್ದಾಗ ಹೊನ್ನಾಳಿಯಿಂದ ಬೀಗತಿ ಪ್ರೇಮಲತಾ ಬಂದಳು. ಜಗಲಿಯಲ್ಲಿ ಕೂತವಳ ಕಿವಿ ನೆಟ್ಟಗಾಯಿತು.

"ಒಳಗೇನ್ರೀ ಟಕಟಕ ಅಂತೈತೆ?"

ಇಲಿಯೆನ್ನಬಹುದಿತ್ತು. ಸರ್ವಮಂಗಳಮ್ಮನಿಗೆ ಸುಳ್ಳು ಹೇಳಿ ಸಾಕಾಗಿತ್ತು. "ನಿಮ್ಮ ಸೊಸೆ ಬರೀತಾಳೆ," ಎಂದಳು.

"ಅಯ್ಯೋ ಶಿವನೇ! ಹಸಿ ಬಾಣಂತಿ! ಕಣ್ಣು ಹೋದ್ರೆ ಏನ್ ಗತಿ?"

"ನಾನು ಎರಡು ಬಾಣಂತನದಾಗೆ ಒಂದಕ್ಷರ ಮುಟ್ಟಲಿಲ್ಲ. ಆದ್ರೂ ಕನ್ನಡಕ ಬಂತಲ್ಲ, ಏನಂತೀರಿ?"

"ನೌಕರಿ ಅಂತ ಹಸುಗೂಸಿನ ಜೀವ ತೆಗೀತೀರೇನ್ರೀ? ಲ್ಯಾಬಿನ ಆ ಹುಡುಗ ಬರೀತೀನಿ ಅಂದಾನಂತ ನಮ್ಮ ಮಗ ಹೇಳ್ದ. ಹೆಸರು ಮೊದಲಿದ್ರೇನು, ಎರಡನೇದಾದ್ರೇನು?"

ಸರ್ವಮಂಗಳಮ್ಮ ಬಾಗಿಲಿಗೆ ಅಡ್ಡ ನಿಂತಳು. "ಬೀಗರೇ, ನಿಮ್ಮ ಕೈಯ ಹೋಳಿಗೆ ಉಂಡು, ನಿಮ್ಮ ಓರಗಿತ್ತಿ ಮಾಡಿದ್ದು ಅಂತ ನಾನು ಹೊನ್ನಾಳಿ ತುಂಬ ಹೇಳ್ಕಂಡು ಬರ್ಲಾ?"

ಪ್ರೇಮಲತಾಳ ಮುಖ ಬಿಗಿಯಿತು. ಆ ಓರಗಿತ್ತಿ ಪ್ರೇಮಲತಾಳ ಹೋಳಿಗೆಯನ್ನು ತನ್ನದೆಂದು ನಿಜಕ್ಕೂ ಎಷ್ಟೋ ಸಲ ಹೇಳಿಕೊಂಡಿದ್ದಳು. ಅಷ್ಟರಲ್ಲಿ ಒಳಗಿಂದ ಮಗು ಕುಂಯ್‌ಗುಟ್ಟಿತು.

"ಹಾಲು ಕುಡಿಸಾಳೋ ಇಲ್ಲೋ?"

"ಈಗತಾನೇ ಕುಡಿಸಾಳೆ."

"ಮತ್ತೆ ಕೂಸಿನ್ನ ಈಚೆ ಕೊಡ್ರಿ. ನಾನು ತೂಗ್ತೀನಿ." ಸೆರಗು ಸಿಕ್ಕಿಸಿಕೊಂಡಳು. "ಆಕೆಗೆ ಬೇಗ ಮುಗಿಸಾಕೆ ಹೇಳ್ರಿ. ಕಣ್ಣು ಹೋದ್ರೆ ನೀವೇ ಹೊಣೆ!"

"ನಾನೇ," ಎಂದಳು ಸರ್ವಮಂಗಳಮ್ಮ.

ಉತ್ತರ ಹೋಯಿತು. ಲೇಖನ ಅಚ್ಚಾಯಿತು. ಮೊದಲ ಹೆಸರು ರೂಪಶ್ರೀದೇ. ಈಗ ಮಗು ಶಾಲೆಗೆ ಹೋಗುತ್ತದೆ. ದೇಶವಿದೇಶದವರು ತಮ್ಮ ಬರಹಗಳಲ್ಲಿ ಆ ಲೇಖನವನ್ನು ನೆನೆದದ್ದು ಇನ್ನೂರು ಸಲ ದಾಟಿದೆ. ಅವಳಿಗೆ ಕೆಲಸ ಸಿಕ್ಕದ್ದೂ ಅದರಿಂದಲೇ. "ನಮ್ಮ ಸೊಸೆ" ಎಂದು ಪ್ರೇಮಲತಾ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಾಳೆ.

ಲೇಖನ ಅಚ್ಚಾದ ವರ್ಷ ಅಡಿಕೆ ಚೀಲ ಗಾಡಿಗೇರುವಾಗ ಮಲ್ಲಿಕಾರ್ಜುನಪ್ಪ ಕಣ್ಣುಜ್ಜಿಕೊಂಡ. ಪ್ರತಿ ಚೀಲದ ಮೇಲೂ ಹಸಿರು ಬಣ್ಣದಲ್ಲಿ ದಪ್ಪಕ್ಕೆ 'ಸರ್ವಮಂಗಳಮ್ಮ'.

"ಇದೇನೇ ಇದು? ಮಂಡಿಯಾಗೆ ನಗಲ್ವಾ?"

"ನಗ್ಲಿ. ಅಡಿಕೆ ಬಣ್ಣ ನೋಡಿ ಸುಮ್ನಾಗ್ತಾರೆ." ಕುಂಚ ತೊಳೆಯುತ್ತ ಅವಳು ತಲೆಯೆತ್ತಲಿಲ್ಲ. "ನಿಮ್ಮ ಹೆಸರೂ ಹಾಕೀನಿ, ನೋಡ್ರಿ. ಕೆಳಗೈತೆ."